ವಿಶಲಿನ ಲೆಕ್ಕ

ಅವರನ್ನು ತೆಗೆದದ್ದು ನಾನೇ.
ಬಾಯಲ್ಲಿ ಹೇಳಲಿಲ್ಲ. ಲೆಟರ್‌ಹೆಡ್ಡಿನಲ್ಲಿ ನಾಲ್ಕು ಸಾಲು ಬರೆಸಿ
ಐಸ್ ಟೆಂಪೋದ ಹುಡುಗನ ಕೈಯಲ್ಲಿ ಕಳಿಸಿದೆ.
ಜೆಪ್ಪು ಮುಟ್ಟುವಾಗ ಕಾಗದ ಒದ್ದೆಯಾಗಿತ್ತಂತೆ.
ಲಿಗೋರಿ ಮಾಸ್ಟ್ರು ಅದನ್ನು ಅಂಗಳದ ಹಗ್ಗಕ್ಕೆ
ಕ್ಲಿಪ್ಪು ಹಾಕಿ, ಒಣಗಿಸಿ, ಆಮೇಲೆ ಓದಿದರಂತೆ.
ಅದೂ ಒಂದು ಧಿಮಾಕು, ಅಂದೆ.

ಕಾರಣ ಬಂದರಿಗೆಲ್ಲ ಗೊತ್ತುಂಟು.
ಫೈನಲಿನ ದಿನ ನನ್ನ ತಂಗಿಯ ಮಗನನ್ನು
ಬೆಂಚಿನಲ್ಲಿ ಕೂರಿಸಿದರು,
ಹೊಸ ಬೂಟು, ಒಂದು ಹುಲ್ಲೂ ಅಂಟದೆ.
ನಾನು ಸುಣ್ಣದ ಗೆರೆಯ ತನಕ ಹೋದೆ.
ಇಳಿಸಿ ಅವನನ್ನು, ಅಂದೆ.
ಹನ್ನೊಂದು ವರ್ಷ ‘ಪುತ್ತಾಕ’ ಎಂದು ಕರೆದವರು
ತಿರುಗಿಯೂ ನೋಡದೆ
‘ಧಣಿಗಳೇ, ಗೆರೆ ದಾಟಬೇಡಿ’ ಅಂದರು.
ಕಡಲೆಯವನು ಸಟ್ಟುಗ ನಿಲ್ಲಿಸಿದ.
ಆಟ ಗೆದ್ದೆವು.
ಸೋತಿದ್ದರೆ ಬಹುಶಃ ಕ್ಷಮಿಸುತ್ತಿದ್ದೆ.

ಮೂರನೇ ದಿನ ಗೋಣಿಚೀಲ ಬಂತು, ಜೊತೆಗೊಂದು ಪಟ್ಟಿ,
ಶಾಲೆಯ ಓರೆ ಅಕ್ಷರ:
ಚೆಂಡು ಹದಿನಾಲ್ಕು, ಒಂದರ ಬ್ಲಾಡರ್ ಹೋಗಿದೆ.
ಅಂಗಿ ಇಪ್ಪತ್ತೆರಡು.
ಒಂಬತ್ತನೇ ನಂಬರಿನ ತೋಳು ಹರಿದಿತ್ತು, ಹೊಲಿದಿದ್ದೇನೆ.
ಬಲೆ ಒಂದು.
ವಿಶಲ್ ಇರಲಿಲ್ಲ.

ಮರುದಿನ ದಕ್ಕೆಯಲ್ಲಿ, ಬಂಗುಡೆ ಏಲಂ ನಡೆಯುವಾಗ,
ಎಪ್ಪತ್ತು ಜನ ಕೇಳುವ ಹಾಗೆ ಅಂದುಬಿಟ್ಟೆ:
ಕ್ಲಬ್ಬಿನ ವಿಶಲ್ ಕದ್ದುಕೊಂಡು ಹೋದ ಮನುಷ್ಯ!
ಆ ಮಾತು ಬೋಟಿಗಿಂತ ಮುಂಚೆ ಬೆಂಗ್ರೆ ಮುಟ್ಟಿತು.

ಈಗ ಅವರು ಬೆಂಗ್ರೆಯಲ್ಲೇ ಇದ್ದಾರೆ, ಸಾಯಂಕಾಲ ಮಾತ್ರ.
ಒಡೆದ ದೋಣಿಯ ಹಲಗೆ ಎರಡು ನೆಟ್ಟು
ಹತ್ತು ವರ್ಷದ ಮಕ್ಕಳಿಗೆ ಕಲಿಸುತ್ತಾರಂತೆ,
ಬರಿಗಾಲು, ಮರಳು, ಸಂಬಳ ಎಂತದೂ ಇಲ್ಲ.
ಪಡುಗಾಳಿ ಬೀಸಿದರೆ ಹೊಳೆ ದಾಟಿ ಬರುತ್ತದೆ:
ಗಿಡ್ಡ ಎರಡು, ಉದ್ದ ಒಂದು.
ಕಂಪ್ರೆಸರಿನ ಗದ್ದಲದಲ್ಲಿ
ನನ್ನ ಆಳುಗಳಿಗೆ ಅದು ಕೇಳುವುದಿಲ್ಲ.
ನನಗೆ ಕೇಳುತ್ತದೆ.
ಹಾಳಾದ ಕಿವಿ, ಒಂದು ಡಾಕ್ಟರಿಗೆ ತೋರಿಸಬೇಕು.

ಕಳೆದ ವಾರ ಆಡಿಟಿಗೆಂದು
ವಾಮನ ಗುಮಾಸ್ತ ಕ್ಲಬ್ಬಿನ ಹಳೇ ಪುಸ್ತಕ ತೆಗೆದ.
ತೋರಿಸು ಆ ವಿಶಲ್ ಯಾವ ಪುಟದಲ್ಲುಂಟು, ಅಂದೆ.
ಬೂಟಿನ ದಾರ ಇತ್ತು. ಸುಣ್ಣದ ಪುಡಿ ಇತ್ತು.
ರೆಫ್ರಿಗೆ ಎಳನೀರು, ಗೋಲಿಗೆ ಹೊಲಿಗೆ ನಾಲ್ಕು,
ಕಾಸರಗೋಡಿಗೆ ಹೋದ ಬಸ್ಸು, ಬರುವಾಗ ಕೆಟ್ಟ ಬಸ್ಸು,
ಬಿರಿಯಾನಿ, ಬಿರಿಯಾನಿ, ಮತ್ತೆ ಬಿರಿಯಾನಿ.
ಹನ್ನೊಂದು ವರ್ಷದಲ್ಲಿ
ನಾನು ಒಂದು ವಿಶಲ್ ಕೊಂಡದ್ದಿಲ್ಲ.
ವಾಮನ ನನ್ನ ಮುಖ ನೋಡಿದ,
ಪುಸ್ತಕ ಮುಚ್ಚಿದ,
ಚಾ ತರಿಸಲಾ ಅಂತ ಕೇಳಿದ.

ಎಪ್ಪತ್ತು ಜನರನ್ನು ಪುನಃ ಎಲ್ಲಿಂದ ಒಟ್ಟು ಮಾಡುವುದು?
ಅದರಲ್ಲಿ ಇಬ್ಬರು ದುಬೈಗೆ ಹೋಗಿ ಆಯಿತು.
ಮತ್ತೆ, ಗೆರೆಯ ಮಾತು?
ಅದನ್ನು ಅವರು ಹಿಂದೆ ತೆಗೆದುಕೊಳ್ಳಲಿ ಮೊದಲು.
ಹೀಗೆ ರಾತ್ರಿ ಲೆಕ್ಕ ಹಾಕುತ್ತೇನೆ,
ಶಿಲ್ಕು ಬರುವುದಿಲ್ಲ.

ಒಂದು ವಿಷಯ ಯಾರಿಗೂ ಹೇಳಲಿಲ್ಲ.
ಅವರ ಎಡ ಮೊಣಗಂಟು ಹಳೇ ಏಟಿನದ್ದು.
ಪ್ರಾಕ್ಟೀಸು ಮುಗಿಸಿ ಸೀದಾ ಇಲ್ಲಿಗೆ ಬರುತ್ತಿದ್ದರು,
ಅಂಗೈಯಷ್ಟು ಐಸು, ಕೆಂಪು ಬೈರಾಸು,
ನನ್ನ ಎದುರಿನ ಕುರ್ಚಿ.
ಡೀಸೆಲಿನ ರೇಟು ಮಾತಾಡುತ್ತಿದ್ದೆವು.
ನೆಲವೆಲ್ಲ ನೀರು ಮಾಡ್ತೀರಿ ಮಾಸ್ಟ್ರೇ, ಎಂದು
ದಿನಾ ಬೈಯುತ್ತಿದ್ದೆ.

ಟೆಂಪೋದ ಹುಡುಗ ಈಗಲೂ, ಹೊಳೆಯಾಚೆ ವಿಶಲ್ ನಿಂತ ಮೇಲೆ,
ಬ್ಲಾಕಿನ ಮೂಲೆ ಒಡೆದು
ಒಂದು ತುಂಡು ಮೆಟ್ಟಿಲಲ್ಲಿ ಇಡುತ್ತಾನೆ.
ಇಡು ಅಂತ ನಾನು ಹೇಳಿದ್ದಲ್ಲ.
ಬೇಡ ಅಂತಲೂ ಹೇಳಿಲ್ಲ.
ಅದು ಕರಗಿ, ಮೀನಿನ ನೀರಿನ ಜೊತೆ ಚರಂಡಿಗೆ ಹೋಗುತ್ತದೆ.

ನಿನ್ನೆ ಇಳಿಬಿಸಿಲು ನೇರ ಅದರ ಮೇಲೆಯೇ ಬಿತ್ತು.
ಎದ್ದು ಹೋಗಿ ಗೋಣಿ ಹೊದೆಸಿದೆ.
ಹುಡುಗ ನೋಡುತ್ತಾ ನಿಂತಿದ್ದ.
ಎಂತ ನೋಡ್ತಿ, ಅಂದೆ,
ಹೋಗಿ ಟೆಂಪೋ ತೊಳಿ.